ತಗ್ಗಿಸಿದ ಕಾರು, ಒಳಗಡೆ ಸವೆಯುವ ಟೈರು: ಓದುಗರ ಪ್ರಶ್ನೆ, ನಮ್ಮ ಉತ್ತರ

ಸ್ಪ್ರಿಂಗ್ ಬದಲಿಸಿ ಕಾರು ತಗ್ಗಿಸಿಕೊಂಡವರ ಪತ್ರಗಳನ್ನು ಈ ಸಲ ಒಂದೇ ಕಡೆ ತೆಗೆದುಕೊಂಡಿದ್ದೇವೆ. ಕಾಸರಗೋಡಿನ ಆಸುಪಾಸಿನಿಂದ ಬಂದವೂ ಇವೆ, ತಾಳವಾಡಿ, ಹೊಸೂರು, ಅಕ್ಕಲಕೋಟೆ, ಆದೋನಿಯ ಓದುಗರು ಬರೆದವೂ ಇವೆ. ಉತ್ತರಗಳಲ್ಲಿ ಮತ್ತೆ ಮತ್ತೆ ಬರುವ ಮೂರು ಪದಗಳನ್ನು ಮೊದಲೇ ಹೇಳಿಬಿಡುತ್ತೇವೆ. ಕಾರಿನ ಎದುರು ನಿಂತು ನೋಡಿದಾಗ ಚಕ್ರ ಎಷ್ಟು ವಾಲಿದೆ ಎಂಬುದು ಕ್ಯಾಂಬರ್. ಚಕ್ರದ ತಲೆ ಒಳಕ್ಕೆ ವಾಲಿದ್ದರೆ ಅದು ನೆಗೆಟಿವ್. ಮೇಲಿನಿಂದ ನೋಡಿದಾಗ ಚಕ್ರದ ಮೂಗು ಒಳಕ್ಕೆ ತಿರುಗಿದ್ದರೆ ಟೋ-ಇನ್, ಹೊರಕ್ಕೆ ತಿರುಗಿದ್ದರೆ ಟೋ-ಔಟ್ (ಚೀಟಿಯಲ್ಲಿ ಇನ್‌ಗೆ +, ಔಟ್‌ಗೆ – ಗುರುತು). ಚಕ್ರ ತಿರುಗುವ ಅಕ್ಷ ಪಕ್ಕದಿಂದ ನೋಡಿದಾಗ ಹಿಂದಕ್ಕೆ ಎಷ್ಟು ಒರಗಿದೆ ಎಂಬುದು ಕಾಸ್ಟರ್. ಈ ಕೋನಗಳನ್ನು ಅಳೆದು ಹೊಂದಿಸುವುದೇ ಅಲೈನ್‌ಮೆಂಟ್. ಅದರ ಯಂತ್ರ ಕೊಡುವ ಚೀಟಿಯಲ್ಲಿ ಬರುವ ನಿಮಿಷ ಎಂದರೆ ಡಿಗ್ರಿಯ 60ರಲ್ಲಿ ಒಂದು ಪಾಲು.

ಪ್ರಶ್ನೆ: ನನ್ನ ಸ್ವಿಫ್ಟ್‌ಗೆ 40 ಮಿ.ಮೀ. ತಗ್ಗಿಸುವ ಸ್ಪ್ರಿಂಗ್ ಹಾಕಿಸಿ 9,000 ಕಿ.ಮೀ. ಓಡಿಸಿದ್ದೇನೆ. ಸ್ಪ್ರಿಂಗ್ ಹಾಕಿದ ದಿನವೇ ಅಲೈನ್‌ಮೆಂಟ್ ಮಾಡಿಸಿದ್ದೆ. ಈಗ ಮುಂದಿನ ಎರಡೂ ಟೈರುಗಳ ಒಳಅಂಚಿನಲ್ಲಿ ತಂತಿ ಕಾಣುತ್ತಿದೆ, ಹೊರಭಾಗ ಮಾತ್ರ ಹೊಸದರ ಹಾಗೆಯೇ ಇದೆ. ಮೊನ್ನೆ ಅಳತೆ ಹಿಡಿಸಿದಾಗ ಕ್ಯಾಂಬರ್ ಎಡಕ್ಕೆ –1°40', ಬಲಕ್ಕೆ –1°25', ಒಟ್ಟು ಟೋ –0°40' ಎಂದು ಚೀಟಿ ಬಂತು. ‘ತಗ್ಗಿಸಿದ ಗಾಡಿಗೆ ಕ್ಯಾಂಬರ್ ಬಂದೇ ಬರುತ್ತದೆ, ಟೈರು ತಿನ್ನುವುದೇ’ ಎಂದರು. ಕ್ಯಾಂಬರ್ ತಿದ್ದುವ ಬೋಲ್ಟ್ (ಕ್ಯಾಂಬರ್ ಬೋಲ್ಟ್) ಹಾಕಿಸಿದರೆ ಸರಿಹೋದೀತೆ?
— ಓದುಗರೊಬ್ಬರು, ಬದಿಯಡ್ಕ

ಉತ್ತರ: ಮೊದಲು ಆ ಎರಡು ಟೈರುಗಳನ್ನು ಕಳಚಿಸಿ. ತಂತಿ ಕಂಡ ಟೈರಿನಲ್ಲಿ ಪೆರ್ಲ ದಾರಿಯ ಇಳಿಜಾರು ತಿರುವುಗಳನ್ನು ಮಳೆಗಾಲದಲ್ಲಿ ಇಳಿಯುವುದು ಬೇಡವೇ ಬೇಡ.

ನಿಮ್ಮ ಟೈರು ತಿಂದದ್ದು ಕ್ಯಾಂಬರ್ ಅಲ್ಲ, ಟೋ. ಒಂದೂವರೆ ಡಿಗ್ರಿ ನೆಗೆಟಿವ್ ಕ್ಯಾಂಬರ್ ಇರುವ ಚಕ್ರ ನೇರವಾಗಿಯೇ ಉರುಳುತ್ತದೆ. ಒಳಅಂಚಿನ ಮೇಲೆ ಭಾರ ಸ್ವಲ್ಪ ಹೆಚ್ಚು ಬೀಳುತ್ತದೆ, ಸವೆತ ಸ್ವಲ್ಪ ಬೇಗ ಆಗುತ್ತದೆ, ಅಷ್ಟೆ. ಟೋ ತಪ್ಪಿದ ಚಕ್ರ ಹಾಗಲ್ಲ. ಅದು ಒಂದು ದಿಕ್ಕಿಗೆ ಮುಖ ಮಾಡಿ ಇನ್ನೊಂದು ದಿಕ್ಕಿಗೆ ಎಳೆಸಿಕೊಂಡು ಹೋಗುತ್ತದೆ. ಲೆಕ್ಕ ಹಾಕಿ ನೋಡಿ: ಒಟ್ಟು 40 ನಿಮಿಷ ಎಂದರೆ ಒಂದೊಂದು ಚಕ್ರಕ್ಕೆ 20 ನಿಮಿಷ, ಅಂದರೆ ಡಿಗ್ರಿಯ ಮೂರನೇ ಒಂದು ಪಾಲು. ಅಷ್ಟು ಓರೆಯಿದ್ದರೆ ಪ್ರತಿ ಕಿಲೋಮೀಟರಿಗೆ ಟೈರು ಹೆಚ್ಚುಕಡಿಮೆ 5.8 ಮೀಟರ್ ಅಡ್ಡಕ್ಕೆ ಉಜ್ಜಿಸಿಕೊಳ್ಳುತ್ತದೆ. 9,000 ಕಿ.ಮೀ.ಗೆ ಇದು 52 ಕಿ.ಮೀ. ಆಯಿತು. ಬದಿಯಡ್ಕದಿಂದ ಮಂಗಳೂರಿನವರೆಗೆ ಟೈರನ್ನು ಅಡ್ಡಡ್ಡ ಎಳೆದುಕೊಂಡು ಹೋದಷ್ಟು. ನೆಗೆಟಿವ್ ಕ್ಯಾಂಬರ್ ಇರುವುದರಿಂದ ಆ ಉಜ್ಜಾಟವೆಲ್ಲ ಒಳಅಂಚಿನಲ್ಲೇ ನಡೆದಿದೆ. ಕ್ಯಾಂಬರ್ ತೋರಿಸಿದ್ದು ಜಾಗವನ್ನು, ಅರೆದದ್ದು ಟೋ.

ಟೋ ಯಾಕೆ ಕೆಟ್ಟಿತು ಎಂದರೆ, ಕಾರು ತಗ್ಗಿದಾಗ ಲೋವರ್ ಆರ್ಮ್ (ಚಕ್ರದ ಬುಡವನ್ನು ಹಿಡಿದಿರುವ ತೋಳು) ಮತ್ತು ಟೈ ರಾಡ್ (ಸ್ಟಿಯರಿಂಗಿನಿಂದ ಚಕ್ರಕ್ಕೆ ಬರುವ ಸಲಾಕೆ) ಎರಡರ ಹೊರತುದಿಯೂ ಕಾರಿನ ಮೈಗೆ ಹೋಲಿಸಿದರೆ ಮೇಲಕ್ಕೆ ಏರುತ್ತವೆ. ಎರಡೂ ತಮ್ಮ ತಮ್ಮ ಕಮಾನಿನಲ್ಲಿ ಏರುತ್ತವೆ, ಆ ಕಮಾನುಗಳು ಪೂರ್ತಿ ಒಂದೇ ಅಲ್ಲ. ಟೈ ರಾಡುಗಳನ್ನು ಸರಿಸುವ ಸ್ಟಿಯರಿಂಗ್ ರ್ಯಾಕ್ ಆಕ್ಸಲ್‌ನ ಹಿಂದಿರುವ ಹಲವು ಸಣ್ಣ ಕಾರುಗಳಲ್ಲಿ ಆರ್ಮ್ ಚಕ್ರದ ಬುಡವನ್ನು ಹೊರಕ್ಕೆ ತಳ್ಳಿದಷ್ಟು ಟೈ ರಾಡ್ ತಳ್ಳುವುದಿಲ್ಲ. ಚಕ್ರದ ಹಿಂಬದಿ ಒಳಗೇ ಉಳಿದು ಮೂಗು ಹೊರಕ್ಕೆ ತಿರುಗುತ್ತದೆ. ಹೊಸ ಸ್ಪ್ರಿಂಗ್ ಮೊದಲ ಕೆಲವು ನೂರು ಕಿಲೋಮೀಟರಿನಲ್ಲಿ ಇನ್ನಷ್ಟು ಕೂರುತ್ತದೆ. ಹಾಕಿದ ದಿನವೇ ಸರಿಮಾಡಿಸಿದ ಟೋ ಆ ದಿನದ ಎತ್ತರಕ್ಕೆ ಸರಿಯಿತ್ತು. ಸ್ಪ್ರಿಂಗ್ ಕೂತ ಮೇಲೆ ಮತ್ತೆ ನೋಡಿಸಬೇಕಿತ್ತು.

ಈಗ ಮಾಡಬೇಕಾದದ್ದನ್ನು ಈ ಅನುಕ್ರಮದಲ್ಲೇ ಮಾಡಿಸಿ. ನಾಲ್ಕೂ ಟೈರಿಗೆ ಬಾಗಿಲ ಚೌಕಟ್ಟಿನ ಪಟ್ಟಿಯಲ್ಲಿ ಬರೆದಷ್ಟು ಗಾಳಿ ಹಿಡಿಸಿ. ಮುಂಭಾಗ ಜಾಕ್ ಹಾಕಿ ಚಕ್ರವನ್ನು ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಅಲುಗಾಡಿಸಿ: ಆಟ ಸಿಕ್ಕಿದರೆ ಬಾಲ್ ಜಾಯಿಂಟ್ ಅಥವಾ ಬೇರಿಂಗ್. 3 ಮತ್ತು 9ರಲ್ಲಿ ಆಟ ಸಿಕ್ಕಿದರೆ ಟೈ ರಾಡ್ ಎಂಡ್ ಅಥವಾ ರ್ಯಾಕಿನ ಒಳಜಾಯಿಂಟ್. ಆಟ ಇರುವ ಗಾಡಿಗೆ ಅಲೈನ್‌ಮೆಂಟ್ ಮಾಡಿಸಿದರೆ ಹಣ ನೀರಿಗೆ ಹಾಕಿದ ಹಾಗೆ. ಯಂತ್ರದ ಮೇಲೆ ಬಂದ ಅಳತೆ ರಸ್ತೆಯಲ್ಲಿ ಇರುವುದಿಲ್ಲ.

ಆಮೇಲೆ ಲೋವರ್ ಆರ್ಮ್ ಬುಷ್, ಅಂದರೆ ಆರ್ಮಿನ ಒಳತುದಿಯ ರಬ್ಬರ್ ಜೋಡಣೆ. ಇದನ್ನು ಬಹಳ ಕಡೆ ಬಿಟ್ಟುಬಿಡುತ್ತಾರೆ, ನಾವು ಒತ್ತಿ ಹೇಳುತ್ತೇವೆ. ಬುಷ್‌ನ ರಬ್ಬರ್ ಹೊರಗಡೆ ಆರ್ಮಿಗೂ ಒಳಗಡೆ ಬೋಲ್ಟ್ ಹಾಯುವ ಕೊಳವೆಗೂ ಅಂಟಿಕೊಂಡಿರುತ್ತದೆ. ಹಳೆಯ ಎತ್ತರದಲ್ಲಿ ಬಿಗಿದ ಬೋಲ್ಟನ್ನು ಹಾಗೇ ಬಿಟ್ಟು ಕಾರು ತಗ್ಗಿಸಿದರೆ ರಬ್ಬರ್ ಹೊತ್ತಿಗೂ ಗಳಿಗೆಗೂ ತಿರುಚಿಕೊಂಡೇ ಇರುತ್ತದೆ, ಕೆಲವೇ ತಿಂಗಳಲ್ಲಿ ಸೀಳುತ್ತದೆ. ಚಕ್ರದ ಮೇಲೆ ಕಾರಿನ ಭಾರ ಪೂರ್ತಿ ಇರುವಾಗ ಬೋಲ್ಟ್ ಸಡಿಲಿಸಿ, ಬಾನೆಟ್ ಎರಡು ಮೂರು ಸಲ ಒತ್ತಿ, ಹಾಗೇ ನಿಂತ ಎತ್ತರದಲ್ಲಿ ಮತ್ತೆ ಟಾರ್ಕ್ (ಬಿಗಿಯುವ ಬಲದ ಅಳತೆ) ಪ್ರಕಾರ ಬಿಗಿಯಬೇಕು.

ಇಷ್ಟಾದ ಮೇಲೆ ಯಂತ್ರಕ್ಕೆ ಏರಿಸಿ. ಮೊದಲು ಹಿಂದಿನ ಚಕ್ರಗಳ ಅಳತೆ, ಆಮೇಲೆ ಮುಂದಿನ ಕ್ಯಾಂಬರ್, ಕಟ್ಟಕಡೆಗೆ ಟೋ. ಕ್ಯಾಂಬರ್ ಮುಟ್ಟಿದರೆ ಟೋ ಬದಲಾಗುತ್ತದೆ, ಆದ್ದರಿಂದ ಈ ಕ್ರಮ ತಿರುಗಬಾರದು. ನಿಮ್ಮ ಕಾರಿನಲ್ಲಿ ಸ್ಟ್ರಟ್ (ಸ್ಪ್ರಿಂಗ್ ಹೊತ್ತ ಮುಂದಿನ ಶಾಕ್) ಮತ್ತು ನಕಲ್ (ಚಕ್ರದ ಹಬ್ ಕೂರುವ ತುಂಡು) ನಡುವೆ ಎರಡು ಬೋಲ್ಟ್ ಇರುವುದರಿಂದ ಕ್ಯಾಂಬರ್ ಬೋಲ್ಟ್ ಕೂರುತ್ತದೆ. ಕಿಟ್‌ನಲ್ಲಿ ಬೇರೆ ರೀತಿ ಹೇಳದಿದ್ದರೆ ಒಂದು ಸ್ಟ್ರಟ್ಟಿಗೆ ಒಂದೇ, ಮೇಲಿನ ತೂತಿಗೆ. ಅದರ ನಡು ಮೂಲ ಬೋಲ್ಟಿಗಿಂತ ಸಣ್ಣದು, ಆದ್ದರಿಂದ ಕಿಟ್‌ನಲ್ಲಿ ಬರೆದ ಟಾರ್ಕನ್ನೇ ಹಿಡಿಯಬೇಕು. ಬಿಗಿದ ಮೇಲೆ ಬೋಲ್ಟಿನ ತಲೆಯಿಂದ ಸ್ಟ್ರಟ್ಟಿನವರೆಗೆ ಬಣ್ಣದ ಒಂದು ಗೆರೆ ಎಳೆಯಿರಿ. ದೊಡ್ಡ ಗುಂಡಿಗೆ ಬಿದ್ದು ಬೋಲ್ಟ್ ಜಾರಿದರೆ ಗೆರೆ ಮುರಿದದ್ದು ಕಾಣುತ್ತದೆ. ಆದರೆ ನಿಮಗೆ ಬೋಲ್ಟಿನ ತುರ್ತು ಇಲ್ಲ. ಎರಡು ಬದಿಯ ವ್ಯತ್ಯಾಸ 15 ನಿಮಿಷ ಮಾತ್ರ. ಒಟ್ಟು ಟೋವನ್ನು ಸೊನ್ನೆಯಿಂದ +0°10' ಒಳಗೆ ತಂದರೆ ಮುಂದಿನ ಜೋಡಿ ಟೈರು ಬಾಳುತ್ತದೆ.

ಚೀಟಿ ಓದುವಾಗ ಒಂದು ಎಚ್ಚರ. ಕೆಲವು ಯಂತ್ರ –0°40' ಎಂದು ತೋರಿಸುತ್ತದೆ, ಕೆಲವು –0.40° ಎಂದು. ಎರಡನೆಯದು 24 ನಿಮಿಷ ಮಾತ್ರ. ತಯಾರಕರ ಅಳತೆ ಒಂದು ಬಗೆಯಲ್ಲಿ, ಯಂತ್ರದ್ದು ಇನ್ನೊಂದು ಬಗೆಯಲ್ಲಿ ಇದ್ದಾಗ ಹಸಿರು ಬಣ್ಣ ಬಂತು ಎಂದಷ್ಟಕ್ಕೇ ತೃಪ್ತರಾಗಬೇಡಿ. ಕೆಲಸಕ್ಕೆ ಮೊದಲಿನದು, ಆಮೇಲಿನದು, ಎರಡೂ ಚೀಟಿ ಕೇಳಿ ಪಡೆಯಿರಿ.

ಪ್ರಶ್ನೆ: ಹಳೆಯ ಕಾರೊಂದನ್ನು ಕೊಂಡೆ. ಮೊದಲಿನವರು ಸ್ಪ್ರಿಂಗನ್ನೇ ಕತ್ತರಿಸಿ ತಗ್ಗಿಸಿದ್ದಾರೆ. 60 ದಾಟಿದರೆ ಹಿಂದಿನಿಂದ ಗುಂಯ್ ಎಂಬ ಸದ್ದು, ಹಿಂದಿನ ಟೈರಿನ ಮೇಲೆ ಕೈ ಆಡಿಸಿದರೆ ಅಲ್ಲಲ್ಲಿ ತಗ್ಗು ಉಬ್ಬು. ಬೇರಿಂಗ್ ಹೋಗಿದೆ ಎನ್ನುತ್ತಾರೆ.
— ಉಪ್ಪಳ

ಉತ್ತರ: ಬೇರಿಂಗ್ ಆಗಿದ್ದರೆ ಎಡಬಲಕ್ಕೆ ಹಾಯಿಸಿದಾಗ ಭಾರ ಒಂದು ಬದಿಗೆ ಸರಿದು ಸದ್ದು ಏರುತ್ತದೆ, ಇಳಿಯುತ್ತದೆ. ಟೈರಿನದಾಗಿದ್ದರೆ ಅಷ್ಟಾಗಿ ಬದಲಾಗುವುದಿಲ್ಲ. ಹಿಂದಿನ ಟೈರು ಮುಂದಕ್ಕೆ ಹಾಕಿ ಓಡಿಸಿ; ಸದ್ದು ಮುಂದಕ್ಕೆ ಬಂದರೆ ಟೈರಿನದೇ. ನೀವು ಹೇಳಿದ ತಗ್ಗು ಉಬ್ಬು ನೋಡಿದರೆ ಟೈರಿನದೇ ಇರಬೇಕು. ಚಕ್ರ ರಸ್ತೆಯ ಮೇಲೆ ಕುಣಿಯುತ್ತಾ ಹೋದಾಗ ಬಿದ್ದ ಕಡೆ ಸವೆದು, ಎದ್ದ ಕಡೆ ಉಳಿದು ಹೀಗೆ ಆಗುತ್ತದೆ.

ಕುಣಿಯುವುದಕ್ಕೆ ಕಾರಣ ಕತ್ತರಿಸಿದ ಸ್ಪ್ರಿಂಗ್. ಆರು ಸುತ್ತು ಕೆಲಸ ಮಾಡುವ ಸ್ಪ್ರಿಂಗಿನಲ್ಲಿ ಒಂದು ಸುತ್ತು ತೆಗೆದರೆ ಅದು 20 ಪ್ರತಿಶತ ಗಟ್ಟಿಯಾಗುತ್ತದೆ. ಶಾಕ್ ಅಬ್ಸಾರ್ಬರ್ ಮಾತ್ರ ಹಳೆಯದೇ, ಹಳೆಯ ಸ್ಪ್ರಿಂಗಿಗೆ ಹೊಂದಿಸಿದ್ದು. ಗಟ್ಟಿ ಸ್ಪ್ರಿಂಗಿನ ಪುಟಿತವನ್ನು ತಡೆಯಲು ಅದಕ್ಕೆ ಆಗುವುದಿಲ್ಲ. ಜೊತೆಗೆ ಕಾರು ತಗ್ಗಿದಷ್ಟು ಶಾಕ್‌ನ ಮೇಲ್ಮುಖ ಓಡಾಟ ಕಡಿಮೆಯಾಗಿದೆ. ಶಾಕ್ ಪೂರ್ತಿ ಕುಗ್ಗದಂತೆ ತಡೆಯುವ ರಬ್ಬರ್ ತುಂಡು, ಅಂದರೆ ಬಂಪ್ ಸ್ಟಾಪ್, ತಾಗುತ್ತಿದೆಯೇ ಎಂದು ನೋಡಲು ಶಾಕ್‌ನ ಹೊಳೆಯುವ ರಾಡಿಗೆ, ರಬ್ಬರ್ ಕವರ್ ಸರಿಸಿ, ಒಂದು ತೆಳು ಕೇಬಲ್ ಟೈ ಕಟ್ಟಿ ಸಿಲಿಂಡರಿನ ಬಾಯಿಗೆ ತಾಗಿಸಿ ಬಿಡಿ. ದಿನಾ ಹೋಗುವ ದಾರಿಯಲ್ಲಿ ಇಬ್ಬರು ಕೂತು ಓಡಿಸಿ ಬನ್ನಿ. ಟೈ ಬಂಪ್ ಸ್ಟಾಪ್‌ವರೆಗೆ ತಳ್ಳಿಸಿಕೊಂಡಿದ್ದರೆ ನಿಮ್ಮ ಕಾರು ಸ್ಪ್ರಿಂಗಿನ ಮೇಲಲ್ಲ, ರಬ್ಬರ್ ತುಂಡಿನ ಮೇಲೆ ಓಡುತ್ತಿದೆ.

ಇನ್ನೊಂದು ಪರೀಕ್ಷೆ ಇದಕ್ಕಿಂತ ಮುಖ್ಯ. ಕಾರಿನ ಮೈಗೆ ಜಾಕ್ ಕೊಟ್ಟು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಚಕ್ರ ಜೋತುಬೀಳಲಿ. ಆಗ ಸ್ಪ್ರಿಂಗನ್ನು ಕೈಯಲ್ಲಿ ತಿರುಗಿಸಲು ಬಂದರೆ ಅದು ಸೀಟಿನಿಂದ ಬಿಡಿಸಿಕೊಳ್ಳುವಷ್ಟು ಗಿಡ್ಡವಾಗಿದೆ ಎಂದರ್ಥ. ವೇಗದಲ್ಲಿ ಉಬ್ಬು ಹಾರಿ ಇಳಿಯುವಾಗ ಅದು ವಕ್ರವಾಗಿ ಕೂತರೆ ಆ ಬದಿ ಕುಸಿಯುತ್ತದೆ, ಅಥವಾ ತುದಿ ಟೈರಿಗೆ ತಾಗುತ್ತದೆ. ಗ್ಯಾಸ್ ಬೆಂಕಿಯಲ್ಲಿ ಕಾಯಿಸಿ ಕುಗ್ಗಿಸಿದ ಸ್ಪ್ರಿಂಗ್ ಇನ್ನೂ ಕೆಟ್ಟದ್ದು. ಕಾಯಿಸಿದ ಜಾಗದಲ್ಲಿ ಉಕ್ಕಿನ ಹದ ಹೋಗಿ ಅದು ದಿನದಿಂದ ದಿನಕ್ಕೆ ಇಳಿಯುತ್ತಲೇ ಇರುತ್ತದೆ, ಕಡೆಗೆ ಅಲ್ಲಿಯೇ ತುಂಡಾಗುತ್ತದೆ. ಎರಡಕ್ಕೂ ರಿಪೇರಿ ಇಲ್ಲ. ನಾಲ್ಕೂ ಸ್ಪ್ರಿಂಗ್ ಕಂಪನಿಯದ್ದೇ ಹಾಕಿಸಿ, ಹಿಂದಿನ ಎರಡು ಶಾಕ್ ಬದಲಿಸಿ, ಹಿಂದಿನ ಎರಡು ಚಕ್ರ ಸೇರಿಸುವ ಬೀಮಿನ ಬುಷ್ ಬೋಲ್ಟನ್ನು ಕಾರು ನೆಲದ ಮೇಲೆ ನಿಂತಿರುವಾಗ ಬಿಗಿಸಿ. ತಗ್ಗು ಉಬ್ಬಾದ ಟೈರು ಮಾತ್ರ ಆಮೇಲೂ ಸದ್ದು ಮಾಡುತ್ತದೆ, ಅದು ತಾನಾಗಿ ನುಣುಪಾಗುವುದಿಲ್ಲ.

ಕಾನೂನಿನ ಮಾತೂ ಇದೆ. ತಯಾರಕರು ಮೂಲತಃ ನಮೂದಿಸಿದ ವಿವರಕ್ಕೂ ಆರ್‌ಸಿಗೂ ತಾಳೆ ತಪ್ಪುವಂಥ ಮಾರ್ಪಾಡನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಒಪ್ಪುವುದಿಲ್ಲ. ಮಾರ್ಪಾಡಿನ ವಿಷಯದಲ್ಲಿ ಕೇರಳ ಹೈಕೋರ್ಟ್ ಕೊಟ್ಟಿದ್ದ ಸಡಿಲಿಕೆಯನ್ನು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ತೆಗೆದುಹಾಕಿತು. ಕೆಎಲ್-14 ನಂಬರಿನ ಗಾಡಿಯಲ್ಲಿ ಕತ್ತರಿಸಿದ ಸ್ಪ್ರಿಂಗ್ ಇಟ್ಟುಕೊಂಡು ಫಿಟ್‌ನೆಸ್‌ಗೋ ವಿಮೆಯ ಪರಿಹಾರಕ್ಕೋ ಹೋದರೆ ತೊಂದರೆ ನಿಮಗೇ.

ಪ್ರಶ್ನೆ: ನಮ್ಮದು 30 ಮಿ.ಮೀ. ತಗ್ಗಿಸಿದ ಹ್ಯಾಚ್‌ಬ್ಯಾಕ್. ಒಳಅಂಚು ಸವೆಯಬಾರದೆಂದು ಬೋಲ್ಟ್ ಹಾಕಿಸಿ ಮುಂದಿನ ಕ್ಯಾಂಬರನ್ನು ಸೊನ್ನೆ ಮಾಡಿಸಿದೆ. ಈಗ ಹೊರಅಂಚು ಸವೆಯುತ್ತಿದೆ! ವಾರಕ್ಕೆರಡು ಸಲ ದಿಂಬಂ ಘಾಟಿ ಇಳಿದು ಸತ್ಯಮಂಗಲಕ್ಕೆ ಹೋಗಿ ಬರುತ್ತೇವೆ.
— ತಾಳವಾಡಿ

ಉತ್ತರ: ದಿಂಬಂನಲ್ಲಿ 27 ಹಿಮ್ಮುರಿ ತಿರುವುಗಳಿವೆ. ವಾರಕ್ಕೆರಡು ಸಲ ಹೋಗಿ ಬರುವುದೆಂದರೆ 108 ತಿರುವು. ತಿರುವಿನಲ್ಲಿ ಬಾಡಿ ಹೊರಬದಿಗೆ ವಾಲುತ್ತದೆ, ಹೊರಬದಿಯ ಚಕ್ರವೂ ಅದರೊಂದಿಗೆ ವಾಲಿ ಹೊರಅಂಚಿನ ಮೇಲೆ ನಿಲ್ಲುತ್ತದೆ. ಆಗ ಟೈರನ್ನು ಮಟ್ಟಸವಾಗಿ ನೆಲಕ್ಕೆ ಒತ್ತುವುದೇ ಆ ನೆಗೆಟಿವ್ ಕ್ಯಾಂಬರ್. ನೀವು ಅದನ್ನೇ ತೆಗೆಸಿಬಿಟ್ಟಿರಿ. ಎರಡು ಬದಿಯೂ –1° ಆಸುಪಾಸಿಗೆ ಮರಳಿ ತನ್ನಿ, ಆಮೇಲೆ ಟೋ ಮತ್ತೆ ಹೊಂದಿಸಿ. ತಗ್ಗಿಸಿದ ಕಾರಿನ ಒಳಅಂಚಿನ ಸವೆತಕ್ಕೆ ಕ್ಯಾಂಬರ್ ಸೊನ್ನೆ ಮಾಡುವುದೇ ಮದ್ದು ಎಂಬ ಮಾತು ಬೇರೂರಿಬಿಟ್ಟಿದೆ. ಘಾಟಿ ದಾರಿಯವರಿಗೆ ಅದು ನೇರ ನಷ್ಟ.

ಗಾಳಿಯನ್ನು ಬೆಳಿಗ್ಗೆ ಹೊರಡುವ ಮೊದಲು, ಟೈರು ತಣ್ಣಗಿರುವಾಗ ನೋಡಿ. ಘಾಟಿ ಇಳಿದು ಬಿಸಿಯಾದ ಟೈರಿನಲ್ಲಿ ಗೇಜು ಹೆಚ್ಚು ತೋರಿಸುತ್ತದೆ. ಆಗ ಗಾಳಿ ಬಿಟ್ಟರೆ ಮರುದಿನ ಬೆಳಿಗ್ಗೆ ಕಡಿಮೆ ಇರುತ್ತದೆ, ಕಡಿಮೆ ಗಾಳಿಯ ಟೈರು ಎರಡೂ ಅಂಚಿನಲ್ಲಿ ಸವೆಯುತ್ತದೆ. ಮುಂದಿನ ಟೈರುಗಳನ್ನು 8,000 ಕಿ.ಮೀ.ಗೊಮ್ಮೆ ಹಿಂದಕ್ಕೆ ಹಾಕಿಸುತ್ತಿರಿ.

ಪ್ರಶ್ನೆ: ನಮ್ಮಲ್ಲಿಂದ ಒಳ್ಳೆಯ ಅಲೈನ್‌ಮೆಂಟ್ ಯಂತ್ರ ಬೇಕೆಂದರೆ ಸೊಲ್ಲಾಪುರಕ್ಕೇ ಹೋಗಬೇಕು. ಮನೆಯಲ್ಲೇ ದಾರ ಕಟ್ಟಿ ಟೋ ನೋಡುವ ಕ್ರಮ ಇದೆಯಂತೆ. ವಿವರವಾಗಿ ತಿಳಿಸಿ.
— ಅಕ್ಕಲಕೋಟೆ

ಉತ್ತರ: ಇದೆ, ಸರಿಯಾಗಿ ಮಾಡಿದರೆ ಅದು ಸುಳ್ಳು ಹೇಳುವುದಿಲ್ಲ. ಬೇಕಾದದ್ದು: ನಾಲ್ಕು ಸ್ಟ್ಯಾಂಡು (ನೀರು ತುಂಬಿದ ಕ್ಯಾನ್ ಕೂಡ ಆದೀತು), ತೆಳುವಾದ ನೈಲಾನ್ ದಾರ, ಮಿ.ಮೀ. ಗುರುತು ಸ್ಪಷ್ಟವಿರುವ ಉಕ್ಕಿನ ಸ್ಕೇಲು, ಎರಡೆರಡು ನಯವಾದ ತಗಡಿನ ಹಾಳೆ, ಸ್ವಲ್ಪ ಗ್ರೀಸು.

ಸಮತಟ್ಟಾದ ನೆಲ ಮುಖ್ಯ. ಇಳಿಜಾರು ಅಂಗಳ ಆಗದು. ಮುಂದಿನ ಒಂದೊಂದು ಚಕ್ರದ ಕೆಳಗೂ ನಡುವೆ ಗ್ರೀಸು ಹಚ್ಚಿದ ಎರಡು ತಗಡು ಇಡಿ. ಟೋ ಬದಲಿಸಿದಾಗ ಟೈರು ನೆಲಕ್ಕೆ ಕಚ್ಚಿಕೊಳ್ಳದೆ ಸರಿಯಬೇಕು, ಅದಕ್ಕೆ ಇದು. ಹಿಂದಿನ ಚಕ್ರಗಳಿಗೆ ಕಲ್ಲು ಕೊಡಿ. ನೀವು ಒಬ್ಬರೇ ಓಡಿಸುವ ಕಾರಾದರೆ ಚಾಲಕನ ಸೀಟಿನಲ್ಲಿ ನಿಮ್ಮ ತೂಕದಷ್ಟು ಅಕ್ಕಿಚೀಲ ಇಟ್ಟರೆ ಅಳತೆ ನಿಜಕ್ಕೆ ಹತ್ತಿರ ಬರುತ್ತದೆ. ತಗ್ಗಿಸಿದ ಕಾರಿನಲ್ಲಿ ಎತ್ತರ ಸ್ವಲ್ಪ ಬದಲಾದರೂ ಟೋ ಹೆಚ್ಚು ಬದಲಾಗುವುದರಿಂದ ಇದನ್ನು ಬಿಡಬೇಡಿ. ಸ್ಟಿಯರಿಂಗ್ ನೇರ ಮಾಡಿ ಸೀಟಿಗೆ ಕಟ್ಟಿ ನಿಲ್ಲಿಸಿ.

ಈಗ ಕಾರಿನ ಎರಡೂ ಬದಿಗೆ, ಹಬ್‌ನ (ಚಕ್ರದ ನಡುಭಾಗದ) ಎತ್ತರಕ್ಕೆ ಸರಿಯಾಗಿ, ಉದ್ದಕ್ಕೆ ದಾರ ಕಟ್ಟಿ. ಎಡ ಮುಂದಿನ ಹಬ್‌ನಿಂದ ದಾರಕ್ಕೂ ಬಲ ಮುಂದಿನ ಹಬ್‌ನಿಂದ ದಾರಕ್ಕೂ ಇರುವ ಅಂತರ ಒಂದೇ ಆಗಬೇಕು. ಹಿಂದಿನ ಎರಡಕ್ಕೂ ಹಾಗೇ. ಮುಂದಿನ ಅಂತರ ಹಿಂದಿನದಕ್ಕೆ ಸಮ ಇರಬೇಕೆಂದಿಲ್ಲ, ಏಕೆಂದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಗಲ ಎಷ್ಟೋ ಕಾರುಗಳಲ್ಲಿ ಬೇರೆ ಬೇರೆ. ಬಹುತೇಕ ತಪ್ಪು ಆಗುವುದು ಇಲ್ಲೇ. ಕಡೆಗೆ ಎರಡು ದಾರಗಳ ನಡುವಿನ ಅಗಲವನ್ನು ಕಾರಿನ ಮುಂದೆಯೂ ಹಿಂದೆಯೂ ಅಳೆಯಿರಿ, ಎರಡೂ ಒಂದೇ ಬರಬೇಕು.

ರಿಮ್ಮಿನ ಮುಂದಿನ ಅಂಚಿನಿಂದ ದಾರಕ್ಕೆ ಎಷ್ಟು, ಹಿಂದಿನ ಅಂಚಿನಿಂದ ಎಷ್ಟು ಎಂದು ಬರೆದುಕೊಳ್ಳಿ. ಮುಂದೆ 152, ಹಿಂದೆ 150 ಬಂದರೆ ಚಕ್ರದ ಮೂಗು ದಾರದಿಂದ ದೂರ, ಅಂದರೆ ಒಳಕ್ಕೆ: ಆ ಚಕ್ರಕ್ಕೆ 2 ಮಿ.ಮೀ. ಟೋ-ಇನ್. 15 ಇಂಚಿನ ರಿಮ್ಮಿನಲ್ಲಿ 1 ಮಿ.ಮೀ. ಎಂದರೆ ಸುಮಾರು 8 ನಿಮಿಷ. ರಿಮ್ಮು ಬಾಗಿದ್ದರೆ ಅಳತೆ ತಪ್ಪುತ್ತದೆ. ಕಾರನ್ನು ಚಕ್ರದ ಅರ್ಧ ಸುತ್ತು ಮುಂದೆ ತಳ್ಳಿ, ದಾರವನ್ನು ಮತ್ತೆ ಹೊಂದಿಸಿ ಇನ್ನೊಮ್ಮೆ ಅಳೆದು ಸರಾಸರಿ ಹಿಡಿಯಿರಿ.

ಸರಿಪಡಿಸುವಾಗ ಟೈ ರಾಡಿನ ಚೆಕ್‌ನಟ್ ಸಡಿಲಿಸಿ. ರ್ಯಾಕ್ ಬೂಟಿನ (ರ್ಯಾಕಿನ ತುದಿಯ ರಬ್ಬರ್ ಹೊದಿಕೆಯ) ಹೊರಗಿನ ಕ್ಲಿಪ್ಪನ್ನೂ ಸಡಿಲಿಸಿ, ಇಲ್ಲವಾದರೆ ರಾಡು ತಿರುಗುವಾಗ ಬೂಟು ತಿರುಚಿ ಹರಿಯುತ್ತದೆ, ನೀರು ನುಗ್ಗುತ್ತದೆ, ಮುಂದಿನ ವರ್ಷ ರ್ಯಾಕೇ ಹೋಗುತ್ತದೆ. ಸಣ್ಣ ಕಾರುಗಳಲ್ಲಿ ಸಾಮಾನ್ಯವಾದ 1.5 ಮಿ.ಮೀ. ಅಂತರದ ತಿರುಪು ಮರೆಯಿರುವ ರಾಡಾದರೆ ಕಾಲು ಸುತ್ತಿಗೆ ರಿಮ್ಮಿನಲ್ಲಿ ಒಂದು ಮಿ.ಮೀ.ಗಿಂತ ತುಸು ಹೆಚ್ಚು ಬದಲಾಗುತ್ತದೆ. ಆದ್ದರಿಂದ ಎಂಟನೇ ಒಂದು ಸುತ್ತಿನ ಲೆಕ್ಕದಲ್ಲಿ ಹೋಗಿ. ಎರಡೂ ಬದಿ ಸಮನಾಗಿ ತಿರುಗಿಸಿ. ಒಂದೇ ಬದಿ ತಿರುಗಿಸಿದರೆ ಟೋ ಸರಿಬಂದರೂ ಸ್ಟಿಯರಿಂಗ್ ಓರೆಯಾಗಿ ನಿಲ್ಲುತ್ತದೆ. ಬಿಗಿದ ಮೇಲೆ ಇನ್ನೊಮ್ಮೆ ಅಳೆಯಿರಿ, ಬಿಗಿಯುವಾಗಲೇ ರಾಡು ತುಸು ತಿರುಗಿರುತ್ತದೆ. ಕಾರಿನಡಿ ಕೈ ಹಾಕಬೇಕಾದಾಗ ಬರೀ ಜಾಕನ್ನು ನಂಬಬೇಡಿ.

ಸ್ಕೇಲು ಸಿಗದಾಗ ಕೈಯೇ ಸಾಕ್ಷಿ. ಅಂಗೈಯನ್ನು ಟೈರಿನ ಮೇಲೆ ಒಳಗಿನಿಂದ ಹೊರಕ್ಕೆ ಎಳೆದಾಗ ಹಲ್ಲುಗಳ ಅಂಚು ಚುಚ್ಚಿದರೆ ಟೋ-ಇನ್ ಹೆಚ್ಚು. ಹೊರಗಿನಿಂದ ಒಳಕ್ಕೆ ಎಳೆದಾಗ ಚುಚ್ಚಿದರೆ ಟೋ-ಔಟ್. 2,000 ಕಿ.ಮೀ. ಓಡಿದ ಟೈರಿನಲ್ಲೇ ಇದು ಬೆರಳಿಗೆ ಸಿಗುತ್ತದೆ, ಕಣ್ಣಿಗೆ ಕಾಣುವುದು ಬಹಳ ತಡವಾಗಿ.

ಪ್ರಶ್ನೆ: 185/65 ಆರ್15 ತೆಗೆದು 205/45 ಆರ್17 ಅಲಾಯ್ ಹಾಕುವ ಯೋಚನೆ. ಕಾರು ಈಗಾಗಲೇ 35 ಮಿ.ಮೀ. ತಗ್ಗಿದೆ. ತಾಗೀತೇ?
— ಹೊಸೂರು

ಉತ್ತರ: ಆ ಅಂಕಿಗಳಲ್ಲಿ ಮೊದಲನೆಯದು ಟೈರಿನ ಅಗಲ (ಮಿ.ಮೀ.), ಎರಡನೆಯದು ಗೋಡೆಯ ಎತ್ತರ ಅಗಲದ ಎಷ್ಟು ಪ್ರತಿಶತ ಎಂಬುದು, ಕೊನೆಯದು ರಿಮ್ಮಿನ ಇಂಚು. ಎತ್ತರದ ಲೆಕ್ಕ ಸರಿ. ಹಳೆಯದರ ವ್ಯಾಸ 621.5 ಮಿ.ಮೀ., ಹೊಸದರದ್ದು 616.3. ಒಂದು ಪ್ರತಿಶತಕ್ಕೂ ಕಡಿಮೆ ವ್ಯತ್ಯಾಸ, ಸ್ಪೀಡೋಮೀಟರಿಗೆ ತೊಂದರೆಯಿಲ್ಲ. ತೊಂದರೆ ಅಗಲದಲ್ಲಿದೆ. ಟೈರು ಒಂದೊಂದು ಬದಿಗೆ 10 ಮಿ.ಮೀ. ಹಿಗ್ಗುತ್ತದೆ, ರಿಮ್ಮಿನ ಆಫ್‌ಸೆಟ್ (ರಿಮ್ಮಿನ ನಡುಗೆರೆಯಿಂದ ಹಬ್‌ಗೆ ಕೂರುವ ಮುಖದ ದೂರ) 45ರಿಂದ 38ಕ್ಕೆ ಇಳಿದರೆ ಇನ್ನೂ 7 ಮಿ.ಮೀ. ಹೊರಕ್ಕೆ, ಒಟ್ಟು 17. ತಗ್ಗಿದ ಕಾರಿನಲ್ಲಿ ಹಿಂದೆ ಇಬ್ಬರು ಕೂತರೆ ಫೆಂಡರಿನ ಮಡಿಕೆಗೆ ತಾಗುವುದು ಬಹುಮಟ್ಟಿಗೆ ಖಚಿತ. ಆಫ್‌ಸೆಟ್ ಮೂಲದ್ದೇ ಇರಲಿ, ಒಳಗಡೆ ಸ್ಟ್ರಟ್ಟಿಗೂ ಟೈರಿಗೂ ಕಿರುಬೆರಳು ಹೋಗುವಷ್ಟು ಜಾಗ ಉಳಿಯುತ್ತದೆಯೇ ನೋಡಿ.

ಅಗಲಕ್ಕಿಂತ ಹೆಚ್ಚು ಗಮನಿಸಬೇಕಾದದ್ದು ಲೋಡ್ ಇಂಡೆಕ್ಸ್. ನಿಮ್ಮ ಹಳೆಯ ಅಳತೆ ಸಾಮಾನ್ಯವಾಗಿ 88 ಗುರುತಿನದು, ಒಂದು ಟೈರಿಗೆ 560 ಕೆ.ಜಿ. 205/45 ಆರ್17 ಅಳತೆಯಲ್ಲಿ 84 ಗುರುತಿನದೂ ಸಿಗುತ್ತದೆ, ಅದು 500 ಕೆ.ಜಿ. ಮಾತ್ರ. 88 ಗುರುತಿನ ಎಕ್ಸ್‌ಟ್ರಾ ಲೋಡ್ ಟೈರೇ ಕೇಳಿ. ಟೈರಿನ ಗೋಡೆ 120 ಮಿ.ಮೀ.ನಿಂದ 92ಕ್ಕೆ ಇಳಿಯುವುದರಿಂದ ಗುಂಡಿಯ ಪೆಟ್ಟು ನೇರ ರಿಮ್ಮಿಗೆ ಹೋಗುತ್ತದೆ. ಗೋಡೆ ಗಿಡ್ಡ, ಗಟ್ಟಿ ಆದಷ್ಟೂ ಕ್ಯಾಂಬರಿನ ಒಳಅಂಚಿನ ಭಾರವೂ ಹೆಚ್ಚು ಎದ್ದು ಕಾಣುತ್ತದೆ. 195/55 ಆರ್16 ವ್ಯಾಸ 620.9, ಗೋಡೆ 107. ನಮ್ಮನ್ನು ಕೇಳಿದರೆ ಅಲ್ಲಿಗೆ ನಿಲ್ಲಿಸಿ.

ಪ್ರಶ್ನೆ: ತಗ್ಗಿಸಿದ ಮೇಲೆ ಕಾರು ಎಡಕ್ಕೆ ಎಳೆಯುತ್ತದೆ. ಟೋ ಸರಿಯಿದೆ ಎನ್ನುತ್ತಾರೆ.
— ಮಂಜೇಶ್ವರ

ಉತ್ತರ: ಟೋದಿಂದ ಎಳೆತ ಬರುವುದು ಕಡಿಮೆ. ಮಳೆನೀರು ಹರಿಯಲೆಂದು ನಮ್ಮ ರಸ್ತೆಗಳು ಎಡಕ್ಕೆ ಇಳಿಜಾರಾಗಿರುತ್ತವೆ. ಅಡ್ಡ ಇಳಿಜಾರಿಲ್ಲದ ಸಮತಟ್ಟಾದ ನೇರ ಜಾಗದಲ್ಲಿಯೂ ಎಳೆಯುತ್ತದೆಯೇ ಮೊದಲು ನೋಡಿ. ಆಮೇಲೆ ಮುಂದಿನ ಎರಡು ಟೈರು ಅದಲುಬದಲು ಮಾಡಿ. ಎಳೆತ ಬಲಕ್ಕೆ ತಿರುಗಿದರೆ ಟೈರಿನದೇ ದೋಷ. ತಿರುಗದಿದ್ದರೆ ಚೀಟಿ ತೆಗೆಯಿರಿ: ಕಾರು ಕ್ಯಾಂಬರ್ ಹೆಚ್ಚು ಪಾಸಿಟಿವ್ ಇರುವ ಬದಿಗೆ, ಕಾಸ್ಟರ್ ಕಡಿಮೆ ಇರುವ ಬದಿಗೆ ಎಳೆಯುತ್ತದೆ. ಎರಡು ಬದಿಯ ವ್ಯತ್ಯಾಸ 30 ನಿಮಿಷ ದಾಟಿದರೆ ಲೋವರ್ ಆರ್ಮ್‌ಗಳನ್ನು ಹೊತ್ತ ಚೌಕಟ್ಟಿನ (ಸಬ್‌ಫ್ರೇಮ್) ಬೋಲ್ಟ್ ಸಡಿಲಿಸಿ ಅದನ್ನು ನಡುವಿಗೆ ತರಿಸಿ. ಬ್ರೇಕ್ ಹಿಡಿದುಕೊಂಡಿದೆಯೇ ಎಂದೂ ನೋಡಿ: ಓಡಿಸಿ ನಿಲ್ಲಿಸಿದ ಮೇಲೆ ಎಡ ರಿಮ್ಮು ಬಲದ್ದಕ್ಕಿಂತ ಬಿಸಿಯಿದ್ದರೆ ಅದು ಅಲೈನ್‌ಮೆಂಟಿನ ಸಮಸ್ಯೆಯೇ ಅಲ್ಲ.

ಪ್ರಶ್ನೆ: ಒಳಅಂಚು ಅರ್ಧ ಸವೆದ ಟೈರನ್ನು ರಿಮ್ಮಿನಲ್ಲಿ ಮಗುಚಿ ಹಾಕಿಸಬಹುದೇ?
— ಆದೋನಿ

ಉತ್ತರ: ಟೈರಿನ ಗೋಡೆಯಲ್ಲಿ ಹೊರಬದಿ ಎಂಬ ಗುರುತಿದ್ದರೆ ಬೇಡ. ತಿರುಗುವ ದಿಕ್ಕಿನ ಬಾಣ ಇದ್ದರೆ ಮಗುಚಿದ ಮೇಲೆ ಕಾರಿನ ಎದುರು ಬದಿಗೆ ಹಾಕಬೇಕು. ಎರಡೂ ಗುರುತಿಲ್ಲದಿದ್ದರೆ ಧಾರಾಳವಾಗಿ ಮಗುಚಿ, ಬ್ಯಾಲೆನ್ಸಿಂಗ್ ಮಾಡಿಸಿ. ಆದರೆ ಒಳಅಂಚಿನ ಕಾಲುವೆಯಲ್ಲಿರುವ 1.6 ಮಿ.ಮೀ. ಎತ್ತರದ ಗುರುತು ಮೇಲ್ಮೈಗೆ ಸಮವಾಗಿದ್ದರೆ ಆ ಟೈರಿನ ಆಯುಸ್ಸು ಮುಗಿಯಿತು, ಉಳಿದ ಭಾಗದಲ್ಲಿ 5 ಮಿ.ಮೀ. ಇದ್ದರೂ ಸರಿ. ಗೋಡೆಯ ಮೇಲಿನ ನಾಲ್ಕು ಅಂಕಿಯನ್ನೂ ಓದಿ: 2319 ಎಂದಿದ್ದರೆ 2019ರ 23ನೇ ವಾರದ್ದು. ನಿಮ್ಮ ಕಡೆಯ ಬೇಸಿಗೆಯಲ್ಲಿ ಬಿರುಕು ಬಿಟ್ಟ ಹಳೆಯ ಟೈರನ್ನು ಮಗುಚಿ ಉಳಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ಟೋ ಸರಿಮಾಡಿಸದೆ ಮಗುಚಿದರೆ ಇನ್ನೊಂದು ಅಂಚೂ ಹಾಗೇ ಹೋಗುತ್ತದೆ.

ಪ್ರಶ್ನೆ: ತಗ್ಗಿಸಬೇಕೆಂಬ ಆಸೆಯಿದೆ, ಆದರೆ ಮನೆಗೆ ಮುರಕಲ್ಲಿನ ಇಳಿಜಾರು ದಾರಿ, ಅಡಿಕೆ ಚೀಲವೂ ಕೆಲವೊಮ್ಮೆ ಡಿಕ್ಕಿಯಲ್ಲಿ ಬರುತ್ತದೆ. ಎಷ್ಟು ತಗ್ಗಿಸಬಹುದು?
— ಕುಂಬಳೆ

ಉತ್ತರ: ನಿಮ್ಮ ದಾರಿಗೆ 25 ಮಿ.ಮೀ. ಮೇಲ್ಮಿತಿ ಎಂದು ತಿಳಿಯಿರಿ. ತೀರ್ಮಾನಕ್ಕೆ ಮೊದಲು ಹಿಂದಿನ ಸೀಟಿನಲ್ಲಿ ಮೂವರು, ಡಿಕ್ಕಿಯಲ್ಲಿ ಒಂದು ಚೀಲ ಹಾಕಿ ಹಬ್‌ನ ನಡುವಿನಿಂದ ಫೆಂಡರಿನ ಅಂಚಿಗೆ ಎಷ್ಟು ಮಿ.ಮೀ. ಇದೆ ಎಂದು ನಾಲ್ಕೂ ಕಡೆ ಅಳೆದು ಬರೆಯಿರಿ. ಖಾಲಿ ಕಾರಿನದೂ ಅಳೆಯಿರಿ. ಭಾರಕ್ಕೆ ಹಿಂಭಾಗ ಈಗಲೇ 40 ಮಿ.ಮೀ. ಇಳಿಯುತ್ತಿದ್ದರೆ, ಅದರ ಮೇಲೆ 25 ಇಳಿಸಿದಾಗ ಬಂಪ್ ಸ್ಟಾಪ್‌ಗೆ ಏನು ಉಳಿಯುತ್ತದೆ ಎಂಬುದು ಅಲ್ಲಿಯೇ ಗೊತ್ತಾಗುತ್ತದೆ. ಉಳಿಯದಿದ್ದರೆ ತಗ್ಗಿಸಬೇಡಿ. ನಿಮ್ಮ ದಾರಿಯಲ್ಲಿ ಎಂಜಿನ್ ಚೇಂಬರಿಗೆ ಕಲ್ಲು ತಾಗಿ ಎಣ್ಣೆ ಸೋರಿದರೆ ಅದು ಟೈರಿನ ಖರ್ಚಿಗಿಂತ ದೊಡ್ಡದು.

ಮಾಡಿಸುವುದೇ ಆದರೆ ಸ್ಪ್ರಿಂಗ್ ಒಂದೇ ಸಾಲದು. ಆ ಎತ್ತರಕ್ಕೆ ಹೊಂದುವ ಶಾಕ್, ಗಿಡ್ಡ ಬಂಪ್ ಸ್ಟಾಪ್, ಹಳೆಯದಾಗಿದ್ದರೆ ಸ್ಟ್ರಟ್ ಮೌಂಟ್ ಮತ್ತು ಅದರ ಬೇರಿಂಗ್ ಜೊತೆಗೇ ಹಾಕಿಸಿ. ಎಲ್ಲವೂ ಒಮ್ಮೆಗೇ ಬಿಚ್ಚುವ ಕೆಲಸ. ಆಂಟಿರೋಲ್ ಬಾರಿನ (ತಿರುವಿನಲ್ಲಿ ಕಾರು ವಾಲುವುದನ್ನು ತಗ್ಗಿಸುವ ಸಲಾಕೆಯ) ಲಿಂಕ್ ರಾಡ್ ಹೊಸ ಎತ್ತರದಲ್ಲಿ ಯಾವುದಕ್ಕಾದರೂ ತಾಗುತ್ತದೆಯೇ ಎಂದು ಸ್ಟಿಯರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಬೇಕು. ಹೆಡ್‌ಲೈಟಿನ ಎತ್ತರವನ್ನೂ ಹೊಂದಿಸಬೇಕು. ಹಾಕಿದ ದಿನ ಟೋ ಒಂದನ್ನು ಓಡಿಸುವ ಮಟ್ಟಕ್ಕೆ ಸರಿಮಾಡಿಸಿ, 300 ಕಿ.ಮೀ. ಓಡಿಸಿ, ಆಗ ಮತ್ತೆ ಹಬ್‌ನಿಂದ ಫೆಂಡರಿಗೆ ಅಳೆಯಿರಿ. ನಾಲ್ಕು ಅಳತೆಯೂ ನಿಂತ ಮೇಲೆ ಪೂರ್ಣ ಅಲೈನ್‌ಮೆಂಟ್. ಹಿಂದೆ ಟಾರ್ಷನ್ ಬೀಮ್ ಇರುವ ಕಾರುಗಳಲ್ಲಿ ಹಿಂದಿನ ಟೋ, ಕ್ಯಾಂಬರಿಗೆ ಹೊಂದಾಣಿಕೆಯ ಬೋಲ್ಟ್ ಇರುವುದಿಲ್ಲ. ತಗ್ಗಿಸಿದ್ದರಿಂದ ಅಲ್ಲಿ ಹೆಚ್ಚೇನೂ ಬದಲಾಗುವುದೂ ಇಲ್ಲ. ಅಳತೆ ತೀರಾ ತಪ್ಪಿದ್ದರೆ ಬೀಮ್ ಬಾಗಿರಬಹುದು. ಅಲ್ಪ ಸ್ವಲ್ಪವಾದರೆ ಹಬ್ ಮತ್ತು ಬೀಮಿನ ನಡುವೆ ಓರೆ ಶಿಮ್ (ತೆಳು ಬಿಲ್ಲೆ) ಕೊಟ್ಟು ಸರಿಪಡಿಸುತ್ತಾರೆ. ಆ ದಿನದ ಚೀಟಿಯ ಹಿಂಬದಿಗೆ ನಾಲ್ಕು ಎತ್ತರ, ಓಡಿದ ಕಿಲೋಮೀಟರು, ಪ್ರತಿ ಟೈರಿನ ಒಳಅಂಚು, ನಡು, ಹೊರಅಂಚಿನ ಆಳ ಬರೆದಿಡಿ. 2,000 ಕಿ.ಮೀ. ಆದ ಮೇಲೆ ಅದೇ ಮೂರು ಜಾಗದಲ್ಲಿ ಮತ್ತೆ ಅಳೆಯಿರಿ. ಒಳಅಂಚು ಹೊರಅಂಚಿಗಿಂತ ಅರ್ಧ ಮಿ.ಮೀ. ಹೆಚ್ಚು ಇಳಿದಿದ್ದರೆ ತಡಮಾಡದೆ ಟೋ ನೋಡಿಸಿ.